ಹದಿನೆಂಟು ಲ್ಯಾಪ್‌ಟಾಪ್‌ಗಳಿಗೆ ಒಂದೇ ಪೆನ್‌ಡ್ರೈವ್

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಕಂಪ್ಯೂಟರ್ ದುರಸ್ತಿ ಅಂಗಡಿ. ಪರಿಚಯದ ಮಾಸ್ತರರೊಬ್ಬರು ತಮ್ಮ ಟ್ಯೂಷನ್ ಮಕ್ಕಳಿಗೆಂದು ಹದಿನೆಂಟು ಹಳೆಯ ಲ್ಯಾಪ್‌ಟಾಪ್‌ಗಳನ್ನು ತಂದು ಸುರಿದರು. ಒಂದರಂತೆ ಇನ್ನೊಂದಿಲ್ಲ. ಎಲ್ಲಕ್ಕೂ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಹಾಕಬೇಕು. ಒಂದೊಂದರ ಮುಂದೆಯೂ ಕುಳಿತು ಡ್ರೈವರ್ (ಬಿಡಿಭಾಗವನ್ನು ನಡೆಸುವ ತಂತ್ರಾಂಶ) ಹುಡುಕುವ ತಾಳ್ಮೆ ನನಗಿಲ್ಲ. ಒಂದನ್ನು ಸಿದ್ಧಪಡಿಸಿ ಅದರ ನಕಲನ್ನೇ ಪೆನ್‌ಡ್ರೈವ್‌ನಿಂದ ಉಳಿದವಕ್ಕೆ ಇಳಿಸಿದೆ.

ಫರ್ಮ್‌ವೇರ್, ಅಂದರೆ ಚಿಪ್‌ಗಳ ಒಳಗೇ ಓಡುವ ತಂತ್ರಾಂಶ, ಕಾಡಲಿಲ್ಲ. 2023ರ ಈ ಆವೃತ್ತಿಯಿಂದ ಡೆಬಿಯನ್ನಿನ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಮುಕ್ತವಲ್ಲದ (ಮೂಲ ಸಂಕೇತ ಬಿಟ್ಟುಕೊಡದ) ಫರ್ಮ್‌ವೇರ್ ಕೂಡ ಇದೆ. ಇಂಟೆಲ್, ರಿಯಲ್‌ಟೆಕ್, ಅಥೆರಾಸ್ ಚಿಪ್‌ಗಳದ್ದೆಲ್ಲವನ್ನೂ ತುಂಬಿದೆ. ಬೇಡದ ಫರ್ಮ್‌ವೇರ್ ಡಿಸ್ಕಿನಲ್ಲಿ ಸುಮ್ಮನೆ ಮಲಗಿರುತ್ತದೆ, ಯಾರಿಗೂ ಕೈ ಹಚ್ಚುವುದಿಲ್ಲ.

ಆರು ಲ್ಯಾಪ್‌ಟಾಪ್‌ಗಳ ವೈಫೈ ಚಿಪ್ ಮಾತ್ರ ಬ್ರಾಡ್‌ಕಾಮ್ 43142. ಅದಕ್ಕೆ ಬೇಕಾದ ಡ್ರೈವರಿನ ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’ ಪ್ಯಾಕೇಜ್ ಇನ್‌ಸ್ಟಾಲರ್‌ನಲ್ಲಿ ಇರುವುದಿಲ್ಲ. ವೈಫೈ ಬರಿಸಲು ಇಂಟರ್‌ನೆಟ್ ಬೇಕು! ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಇಳಿಸಿಕೊಂಡೆ. ಇದೂ ಇರಲಿ ಎಂದು ಮೂಲ ನಕಲಿಗೇ ಸೇರಿಸಿದೆ. ಎಡವಿದ್ದು ಅಲ್ಲೇ.

ಎರಡು ದಿನಗಳ ನಂತರ ಮಾಸ್ತರರ ಫೋನ್: “ತಮ್ಮಾ, ಎರಡು ಲ್ಯಾಪ್‌ಟಾಪ್‌ಗಳಿಗೆ ವೈರ್ ಚುಚ್ಚಿದರೂ ನೆಟ್ ಬರುತ್ತಿಲ್ಲವಲ್ಲ.” ಕೇಬಲ್ ಬದಲಿಸಿದೆ, ಪಾಪದ ನೆಟ್‌ವರ್ಕ್ ಸ್ವಿಚ್ಚನ್ನು ಬೈದೆ. ಸಂಜೆಯ ಹೊತ್ತಿಗೆ ಕಳ್ಳ ಸಿಕ್ಕ. ಆ ಪ್ಯಾಕೇಜ್ ತನ್ನ ಡ್ರೈವರ್‌ಗೆ ಅಡ್ಡಿಯಾಗದಿರಲೆಂದು ಬೇರೆ ಡ್ರೈವರ್‌ಗಳ ಒಂದು ನಿಷೇಧ ಪಟ್ಟಿ ಇಡುತ್ತದೆ. ಅದರಲ್ಲಿ ವೈಫೈನ ಡ್ರೈವರ್ ಬಿ43 ಇರುವುದು ಸರಿ, ಆದರೆ ತಂತಿ ಜಾಲದ ಡ್ರೈವರ್ ಬಿ44 ಕೂಡ ಇದೆ. ಆ ಎರಡು ಮುದಿ ಯಂತ್ರಗಳು ನಂಬಿಕೊಂಡಿದ್ದದ್ದು ಅದನ್ನೇ.

ನಮ್ಮ ನವನಗರದಲ್ಲಿ ಸೆಕ್ಟರ್ ಮತ್ತು ಪ್ಲಾಟ್ ಸಂಖ್ಯೆ ಗೊತ್ತಿದ್ದರೆ ಮನೆ ಸಿಗುತ್ತದೆ. ಪಿಸಿಐ ಸಾಧನಕ್ಕೂ (ಮದರ್‌ಬೋರ್ಡಿನ ಪಿಸಿಐ ಮಾರ್ಗಕ್ಕೆ ಜೋಡಿಸಿದ ಚಿಪ್ ಅಥವಾ ಕಾರ್ಡ್) ಅಂಥ ಜೋಡಿ ಸಂಖ್ಯೆ ಉಂಟು: 14ಇ4:4365 ಎಂದರೆ ಮೊದಲಿನದು ಬ್ರಾಡ್‌ಕಾಮ್, ಎರಡನೆಯದು ಆ ಚಿಪ್. ಈಗ ಪ್ಯಾಕೇಜನ್ನು ನಕಲಿನಲ್ಲಿ ಸ್ಥಾಪಿಸುವುದಿಲ್ಲ, ಒಂದು ಫೋಲ್ಡರ್‌ನಲ್ಲಿ ಇಟ್ಟಿರುತ್ತೇನೆ. ಮೊದಲ ಸಲ ಯಂತ್ರ ಎದ್ದಾಗ ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್ (ತಾನಾಗಿ ಓಡುವ ಆದೇಶಗಳ ಪಟ್ಟಿ) ಈ ಸಂಖ್ಯೆಯನ್ನು ಹುಡುಕುತ್ತದೆ. ಕಂಡರೆ ಮಾತ್ರ ಸ್ಥಾಪನೆ. ಯಂತ್ರಾಂಶ ನೋಡಿ ಪ್ಯಾಕೇಜ್ ಸೂಚಿಸುವ ‘ಐಸೆನ್‌ಕ್ರಾಮ್’ ಡೆಬಿಯನ್ನಿನಲ್ಲೇ ಇದೆ. ಒಂದೇ ಚಿಪ್ಪಿಗೆ ಅಷ್ಟು ದೊಡ್ಡ ಏರ್ಪಾಟು ನನಗೆ ಬೇಡವೆನಿಸಿತು.

ಮುಂದಿನ ತಿಂಗಳು ಕರ್ನಲ್ (ವ್ಯವಸ್ಥೆಯ ತಿರುಳು) ಅಪ್‌ಡೇಟ್ ಆಗುತ್ತಲೇ ಅದೇ ಆರರ ವೈಫೈ ಮತ್ತೆ ಹೋಯಿತು. ಪ್ಯಾಕೇಜಿನ ಹೆಸರಿನಲ್ಲಿರುವ ಡಿಕೆಎಂಎಸ್ ಎಂಬ ಸಾಧನವು ಪ್ರತಿ ಹೊಸ ಕರ್ನಲ್‌ಗೂ ಡ್ರೈವರನ್ನು ಹೊಸದಾಗಿ ಕಟ್ಟಬೇಕು, ಅದಕ್ಕೆ ಆ ಕರ್ನಲ್‌ನದೇ ಹೆಡರ್‌ಗಳು (ಕಟ್ಟಲು ಬೇಕಾದ ವಿವರಗಳ ಕಡತಗಳು) ಬೇಕು. ನಾನು ಅಂದಿನ ಕರ್ನಲ್‌ನವನ್ನು ಮಾತ್ರ ಹಾಕಿದ್ದೆ. ‘ಲಿನಕ್ಸ್-ಹೆಡರ್ಸ್-ಎಎಂಡಿ64’ ಎಂಬ ಪ್ಯಾಕೇಜ್ ಹಾಕಿದ್ದರೆ ಹೊಸವು ತಾವಾಗಿಯೇ ಬರುತ್ತಿದ್ದವು. ಆರನ್ನೂ ಮತ್ತೆ ಹೊತ್ತು ತಂದ ಮಾಸ್ತರರು ಏನೂ ಅನ್ನಲಿಲ್ಲ. ಚಹಾ ತರಿಸಿದ್ದು ನಾನೇ.