ಟ್ಯೂನರ್ ಮೊದಲು, ಹೆಡ್‌ಸ್ಟಾಕ್ ಆಮೇಲೆ: ಒಂದು ಗಿಟಾರ್ ಕಟ್ಟಿದ ಅನುಭವ

ಗಿಟಾರ್ ಕಟ್ಟುವವರು ಸೇರಿದರೆ ಮರದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ತಂತಿಯ ಸದ್ದು ಹಿಡಿಯುವ ಪಿಕಪ್ ಬಗ್ಗೆ ಇನ್ನೂ ಜಾಸ್ತಿ. ತಂತಿ ಬಿಗಿ ಮಾಡಿ ಶ್ರುತಿ ಸೇರಿಸುವ ಟ್ಯೂನರ್ ವಿಷಯ ಬಂದರೆ ಮಾತ್ರ "ಅದನ್ನ ಕೊನೆಗೆ ನೋಡೋಣ" ಅನ್ನುತ್ತಾರೆ. ನನ್ನ ಕ್ರಮ ಬೇರೆ. ಟ್ಯೂನರ್ ಸೆಟ್ ಮೇಜಿನ ಮೇಲೆ ಬಂದು ಕೂತ ಮೇಲೆಯೇ ನಾನು ಹೆಡ್‌ಸ್ಟಾಕ್‌ನ, ಅಂದರೆ ಟ್ಯೂನರ್ ಕೂರುವ ಗಿಟಾರ್ ತಲೆಯ, ಗೆರೆ ಎಳೆಯುವುದು. ತೂತು ಎಷ್ಟು ಅಗಲ, ತಲೆಯ ಮರ ಎಷ್ಟು ದಪ್ಪ, ಒಂದು ತೂತಿಗೂ ಇನ್ನೊಂದಕ್ಕೂ ಎಷ್ಟು ಅಂತರ, ತಂತಿ ನಟ್‌ನಿಂದ (ತಲೆಯ ಬುಡದಲ್ಲಿ ತಂತಿ ಕೂರುವ ಕಚ್ಚುಗಳಿರುವ ಸಣ್ಣ ಪಟ್ಟಿ) ಎಷ್ಟು ಇಳಿಜಾರಾಗಿ ಹೋಗಬೇಕು, ಕೊನೆಗೆ ಗಿಟಾರ್ ಹೆಗಲಲ್ಲಿ ನೆಟ್ಟಗೆ ನಿಲ್ಲುತ್ತದೋ ಇಲ್ಲವೋ, ಎಲ್ಲವೂ ಆ ಆರು ಸಣ್ಣ ಯಂತ್ರಗಳ ಕೈಯಲ್ಲಿದೆ.

ಇತ್ತೀಚೆಗೆ ಕಟ್ಟಿದ ಒಂದು ಗಿಟಾರ್ ಇಟ್ಟುಕೊಂಡು ಹೇಳುತ್ತೇನೆ. ಅದು ಮಂಗಳೂರಿನ ಗೆಳೆಯನೊಬ್ಬನಿಗೆ ಮಾಡಿದ್ದು. ಅವನು ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಾನೆ. ಗಿಟಾರ್ ಪ್ರಸನ್ನ ಅವರನ್ನು ಕೇಳಿದವರಿಗೆ ಇದು ಹೊಸದಲ್ಲ. ಆದರೆ ಕಟ್ಟುವವನಿಗೆ ಇದರಿಂದ ಕೆಲಸ ಬದಲಾಗುತ್ತದೆ. ರಾಕ್ ನುಡಿಸುವವನು ಆಗೊಮ್ಮೆ ಈಗೊಮ್ಮೆ ತಂತಿ ಎಳೆಯುತ್ತಾನೆ. ಗಮಕ ನುಡಿಸುವವನ ತಂತಿ ಸುಮ್ನೆ ಇರುವುದೇ ಇಲ್ಲ. ತೋಡಿಯ ಗಾಂಧಾರ ಒಂದನ್ನೇ ತೆಗೆದುಕೊಳ್ಳಿ, ತಂತಿ ನಟ್‌ನ ಕಚ್ಚಿನೊಳಗೆ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ. ಜೊತೆಗೆ, ಹಾಡುವವರ ಶ್ರುತಿ ಯಾವುದೋ ಅದಕ್ಕೆ ಇವನು ಎಲ್ಲಾ ತಂತಿ ಹೊಂದಿಸಿಕೊಳ್ಳಬೇಕು. ಅಂದರೆ ಟ್ಯೂನರ್‌ಗೆ ಎರಡೆರಡು ಕೆಲಸ. ಹಿಡಿದದ್ದನ್ನು ಬಿಡಬಾರದು, ತಿರುಗಿಸಿದರೆ ನಯವಾಗಿ ತಿರುಗಬೇಕು.

ಬಾಡಿಗೆ ಶಿವನೆ ಮರ. ಹಗುರ, ಒಣಗಿದ ಮೇಲೆ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ನೆಕ್ ಮೇಪಲ್. ನಟ್‌ನಿಂದ, ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್‌ಗೆ 648 ಮಿ.ಮೀ., ಅಂದರೆ ಇಪ್ಪತ್ತೈದೂವರೆ ಇಂಚು. ಆರೂ ಟ್ಯೂನರ್ ಒಂದೇ ಸಾಲಿನಲ್ಲಿ. ತಂತಿಗಳನ್ನು ಒಟ್ಟಿಗೆ ಸಡಿಲಿಸಿ ಬಿಗಿಸುವ ಟ್ರೆಮೊಲೊ ಕಡ್ಡಿ ಇಲ್ಲ.

ಮೊದಲ ಪ್ರಶ್ನೆ ತೂಕ. ಇದನ್ನು ಬಹಳ ಜನ ಕೇಳುವುದೇ ಇಲ್ಲ, ನನಗೆ ಅದೇ ಆಶ್ಚರ್ಯ. ಟ್ಯೂನರ್‌ಗಳಲ್ಲಿ ದೊಡ್ಡದಾಗಿ ಎರಡು ಬಗೆ. ಒಂದು ಹಳೆ ಕ್ಲೂಸನ್ ಮಾದರಿ. 1950ರ ದಶಕದ ಫೆಂಡರ್ ಗಿಟಾರ್‌ಗಳಲ್ಲಿ ಇದ್ದದ್ದು ಅದೇ. ತೆಳು ತಗಡಿನ ಮುಚ್ಚಳ, ಒಳಗೆ ವರ್ಮ್ ಗೇರ್ (ಸ್ಕ್ರೂ ಥರದ ದಂಡ ಹಲ್ಲುಚಕ್ರವನ್ನು ತಿರುಗಿಸುವ ಏರ್ಪಾಟು), ತಂತಿ ಸುತ್ತುವ ಪೋಸ್ಟ್‌ನ ತುದಿಯಲ್ಲಿ ಸೀಳು, ಸೀಳಿನ ನಡುವೆ ಕೆಳಕ್ಕೆ ಇಳಿಯುವ ತೂತು. ಇನ್ನೊಂದು ಎರಕ ಹೊಯ್ದ ಗಟ್ಟಿ ಪೆಟ್ಟಿಗೆಯದು. ಗ್ರೋವರ್ ರೋಟೊಮ್ಯಾಟಿಕ್, ಶಾಲರ್ ಎಂ6 ಇವೆಲ್ಲ ಈ ಜಾತಿ. ಗೇರ್ ಪೂರ್ತಿ ಮುಚ್ಚಿರುತ್ತದೆ, ಒಳಗೆ ಗ್ರೀಸ್ ತುಂಬಿರುತ್ತದೆ. ನನ್ನ ತಕ್ಕಡಿಯಲ್ಲಿ ಹಳೆ ಮಾದರಿಯ ಸೆಟ್ ಸುಮಾರು 170 ಗ್ರಾಂ ಬಂತು. ಗಟ್ಟಿ ಪೆಟ್ಟಿಗೆಯದು 260 ದಾಟಿತು. ತೊಂಬತ್ತು ಗ್ರಾಂ ವ್ಯತ್ಯಾಸ.

ಇದು ದೊಡ್ಡದಾ ಅಂತ ಕೇಳಬಹುದು. ಎಲ್ಲಿ ಕೂತಿದೆ ಅನ್ನುವುದನ್ನು ನೋಡಿ. ಸ್ಟ್ರಾಪ್ ಸಿಕ್ಕಿಸುವ ಗುಂಡಿ ಹನ್ನೆರಡನೇ ಫ್ರೆಟ್‌ನ (ನೆಕ್ ಮೇಲಿನ ಅಡ್ಡ ಲೋಹದ ಗೆರೆ) ಆಸುಪಾಸಿನಲ್ಲಿ ಬರುತ್ತದೆ. ಅಲ್ಲಿಂದ ಟ್ಯೂನರ್‌ಗಳಿಗೆ ಸುಮಾರು 42 ಸೆಂ.ಮೀ. ಆ ಕಡೆ ಬಾಡಿಯ ಭಾರ ಅಂದಾಜು 20 ಸೆಂ.ಮೀ. ದೂರದಲ್ಲಿದೆ. ತಲೆಗೆ 90 ಗ್ರಾಂ ಹಾಕಿದರೆ ಸರಿದೂಗಿಸಲು ಬಾಡಿಯಲ್ಲಿ 190 ಗ್ರಾಂ ಬೇಕು. ಹಗುರ ಮರ ಹುಡುಕಿ ತಂದು ಮತ್ತೆ ಅದಕ್ಕೆ ಭಾರ ಕಟ್ಟುವುದರಲ್ಲಿ ಅರ್ಥವಿಲ್ಲ. ಭಾರ ಸರಿದೂಗದಿದ್ದರೆ ತಲೆ ಕೆಳಗೆ ವಾಲುತ್ತದೆ, ನುಡಿಸುವವನು ಎಡಗೈಯಲ್ಲಿ ನೆಕ್ ಹೊತ್ತುಕೊಂಡು ಕೂರಬೇಕು. ಗಮಕ ನುಡಿಸುವ ಕೈಗೆ ಅಂಥ ಶಿಕ್ಷೆ ಕೊಡಬಾರದು.

ಇಲ್ಲಿಗೆ ನನ್ನ ಮನಸ್ಸು ಹಳೆ ಮಾದರಿಯ ಕಡೆ ವಾಲಿತು. ಆದರೆ ಗೆಳೆಯನಿಗೆ ಲಾಕಿಂಗ್ ಟ್ಯೂನರ್ ಮೇಲೆ ಕಣ್ಣಿತ್ತು.

"ಇಷ್ಟೊಂದು ಎಳೀತೀನಿ, ಲಾಕ್ ಇದ್ರೆ ಒಳ್ಳೇದಲ್ವಾ ಮಾರಾಯ?"

ಕೇಳಿದ್ದು ಸರಿಯೇ. ಲಾಕಿಂಗ್ ಟ್ಯೂನರ್‌ನಲ್ಲಿ ತಂತಿಯನ್ನು ಪೋಸ್ಟ್ ಒಳಗೇ ಕಚ್ಚಿ ಹಿಡಿಯುವ ಏರ್ಪಾಟು ಇರುತ್ತದೆ. ಸ್ಪರ್ಜೆಲ್, ಹಿಪ್‌ಶಾಟ್, ಗೋಟೋ, ಶಾಲರ್ ಎಲ್ಲರೂ ಮಾಡುತ್ತಾರೆ. ಸುತ್ತು ಒಂದಕ್ಕಿಂತ ಕಡಿಮೆ ಸಾಕು. ಸುತ್ತೇ ಇಲ್ಲದಿದ್ದರೆ ಸುತ್ತು ಬಿಗಿಯಾಗುವ, ಸಡಿಲವಾಗುವ ಪ್ರಶ್ನೆಯೂ ಇಲ್ಲ. ತಂತಿ ಬದಲಿಸುವುದು ಬಹಳ ಬೇಗ ಆಗುತ್ತದೆ. ಟ್ರೆಮೊಲೊ ಇರುವ ಗಿಟಾರ್ ಆಗಿದ್ದರೆ ನಾನು ಯೋಚನೆ ಮಾಡದೆ ಹೂಂ ಅನ್ನುತ್ತಿದ್ದೆ. ಸ್ಪರ್ಜೆಲ್‌ನಂಥದ್ದು ಅಲ್ಯೂಮಿನಿಯಂ ಪೆಟ್ಟಿಗೆಯದ್ದಾದ್ದರಿಂದ ತೂಕವೂ ಅಷ್ಟು ಜಾಸ್ತಿಯಲ್ಲ.

ನನ್ನನ್ನು ತಡೆದದ್ದು ಬೇರೆ ಸಂಗತಿ, ತಂತಿಯ ಇಳಿಜಾರು. ಫೆಂಡರ್ ಥರದ ತಲೆ ಹಿಂದಕ್ಕೆ ಬಾಗಿರುವುದಿಲ್ಲ, ಚಪ್ಪಟೆ. ಒಂದನೇ ತಂತಿಯ ಪೋಸ್ಟ್ ನಟ್‌ನಿಂದ 16 ಸೆಂ.ಮೀ. ಮೇಲೆಯೇ ದೂರ. ಲಾಕಿಂಗ್ ಪೋಸ್ಟ್‌ನಲ್ಲಿ ತಂತಿ ತೂತಿನ ಎತ್ತರದಲ್ಲೇ ಉಳಿಯುತ್ತದೆ. ಅಲ್ಲಿಂದ ನಟ್‌ಗೆ ಇಳಿಜಾರು ಬರೀ ಒಂದು ಡಿಗ್ರಿ ಇದ್ದರೂ ಇರಬಹುದು. ಅಷ್ಟರಲ್ಲಿ ತಂತಿ ನಟ್ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ, ಜುಯ್ ಅನ್ನುತ್ತದೆ. ಸೀಳು ಪೋಸ್ಟ್‌ನಲ್ಲಿ ಮೂರು ಸುತ್ತು ಕೆಳಮುಖವಾಗಿ ಹಾಕಿದರೆ ತಂತಿ ಪೋಸ್ಟ್‌ನ ಬುಡಕ್ಕೆ ಇಳಿಯುತ್ತದೆ. ಇಳಿಜಾರು ಎಷ್ಟು ಬೇಕು ಅನ್ನುವುದು ಸುತ್ತಿನ ಲೆಕ್ಕದಲ್ಲಿ ನನ್ನ ಕೈಲಿರುತ್ತದೆ. ಪೋಸ್ಟ್ ಎತ್ತರ ಸಾಲಾಗಿ ಕಡಿಮೆಯಾಗುತ್ತಾ ಹೋಗುವ ಸೆಟ್‌ಗಳೂ, ಎತ್ತರ ಹೊಂದಿಸಿಕೊಳ್ಳುವ ಸೆಟ್‌ಗಳೂ ಇವೆ. ಲಾಕ್ ಬೇಕೇ ಬೇಕು ಅನ್ನುವವರು ಅವನ್ನು ನೋಡಬೇಕು.

ಮತ್ತೆ, ತಂತಿ ಜಾರುತ್ತದೆ ಅನ್ನುವ ಭಯ. ಸೀಳು ಪೋಸ್ಟ್‌ನಲ್ಲಿ ತಂತಿಯ ತುದಿ ನಡುವಿನ ತೂತಿಗೆ ಇಳಿದು, ಅಲ್ಲೇ ಚೂಪಾಗಿ ಮಡಚಿ, ಸೀಳಿನಿಂದ ಹೊರಗೆ ಬರುತ್ತದೆ. ಅದರ ಮೇಲೆ ಮೂರು ಬಿಗಿ ಸುತ್ತು. ಎಳೆದರೂ ಅದು ಬಿಟ್ಟುಕೊಡುವುದಿಲ್ಲ. ತುದಿ ಒಳಗೇ ಇರುವುದರಿಂದ ಬೆರಳಿಗೆ ಚುಚ್ಚುವುದೂ ಇಲ್ಲ. ಅರವತ್ತು ಎಪ್ಪತ್ತು ವರ್ಷಗಳ ಹಿಂದಿನ ಈ ಏರ್ಪಾಟಿನ ಮೇಲೆ ನನಗೆ ನಿಜವಾಗಿಯೂ ಪ್ರೀತಿ.

ಇನ್ನು ಗೇರ್ ಅನುಪಾತ. ಡಬ್ಬಿ ಮೇಲೆ 15:1, 18:1, 21:1 ಅಂತ ಬರೆದಿರುತ್ತದೆ. 15:1 ಅಂದರೆ ಬೆರಳಲ್ಲಿ ತಿರುಗಿಸುವ ಕೀ ಹದಿನೈದು ಸುತ್ತು ತಿರುಗಿದರೆ ಪೋಸ್ಟ್ ಒಂದು ಸುತ್ತು. ಸಂಖ್ಯೆ ದೊಡ್ಡದಾದಷ್ಟೂ ಸೂಕ್ಷ್ಮ. ಆದರೆ ಎಲ್ಲಾ ತಂತಿಗೂ ಅದು ಒಂದೇ ಥರ ಕೆಲಸ ಮಾಡುವುದಿಲ್ಲ. ನಾನೊಂದು ಲೆಕ್ಕ ಹಾಕಿದೆ. ಪೋಸ್ಟ್ ದಪ್ಪ 6 ಮಿ.ಮೀ. ಇದ್ದರೆ 15:1ರಲ್ಲಿ ಕೀಯ ಒಂದು ಸುತ್ತಿಗೆ ಸುಮಾರು 1.25 ಮಿ.ಮೀ. ತಂತಿ ಒಳಗೆ ಹೋಗುತ್ತದೆ. ಮಾಮೂಲಿ ಟ್ಯೂನಿಂಗ್‌ನಲ್ಲಿ ಒಂದನೇ ತಂತಿ, ಅಂದರೆ .010 ಇಂಚು ದಪ್ಪದ್ದು, ಇದರಿಂದ ಎರಡು ಸ್ವರಸ್ಥಾನಕ್ಕಿಂತ ಸ್ವಲ್ಪ ಕಡಿಮೆ ಏರುತ್ತದೆ. ಅದೇ ಒಂದು ಸುತ್ತು ಮೂರನೇ ತಂತಿಗೆ, .017 ಇಂಚು ದಪ್ಪದ್ದಕ್ಕೆ ಕೊಟ್ಟರೆ ನಾಲ್ಕು ಸ್ವರಸ್ಥಾನ ಮೇಲೆ! ದಪ್ಪ ತಂತಿ, ಆದರೆ ಎಳೆತ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಒಂದಿಷ್ಟು ಹಿಗ್ಗಿಸಿದರೂ ಸ್ವರ ಹಾರುತ್ತದೆ. ಮೂರನೇ ತಂತಿ ಯಾಕೆ ಯಾವಾಗಲೂ ಗೋಳಾಡಿಸುತ್ತದೆ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಗ್ರಾಫ್ ಟೆಕ್‌ನವರು ಒಂದೊಂದು ತಂತಿಗೆ ಒಂದೊಂದು ಅನುಪಾತ ಕೊಟ್ಟು ಸೆಟ್ ಮಾಡಿದ್ದೂ ಇದೇ ಕಾರಣಕ್ಕೆ. 21:1ಕ್ಕೆ ಹೋದರೂ ಮೂರನೇ ತಂತಿ ಒಂದು ಸುತ್ತಿಗೆ ಮೂರು ಸ್ವರಸ್ಥಾನ ದಾಟುತ್ತದೆ. ಅಂದರೆ ಒಂದಿಷ್ಟು ಅನುಕೂಲ, ಪವಾಡವಲ್ಲ. ಗೇರ್ ನಯವಾಗಿದ್ದರೆ 15:1 ಸಾಕು ಅನ್ನಿಸಿತು. ಒರಟು 21:1ಕ್ಕಿಂತ ನಯವಾದ 15:1 ಎಷ್ಟೋ ಮೇಲು.

ನಯ ಅಂದರೇನು ಅನ್ನುವುದು ಕೈಯಲ್ಲೇ ಗೊತ್ತಾಗಬೇಕು. ಪೋಸ್ಟ್ ಹಿಡಿದು ಅಲ್ಲಾಡಿಸಿ ನೋಡುತ್ತೇನೆ, ಅಕ್ಕಪಕ್ಕಕ್ಕೆ ಓಲಾಡಬಾರದು. ಕೀಯನ್ನು ಒಂದು ಪೂರ್ತಿ ಪೋಸ್ಟ್ ಸುತ್ತು ಬರುವವರೆಗೆ ತಿರುಗಿಸುತ್ತೇನೆ. ಎಲ್ಲೋ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆದರೆ ಆ ಚಕ್ರ ಸರಿಯಾಗಿ ಕತ್ತರಿಸಿಲ್ಲ ಅಂತಲೇ ಅರ್ಥ. ಆರನ್ನೂ ನೋಡಬೇಕು, ಒಂದನ್ನು ನೋಡಿ ಐದನ್ನು ನಂಬಬಾರದು. ಹೆಸರಿಲ್ಲದ ಅಗ್ಗದ ಸೆಟ್‌ಗಳಲ್ಲಿ ನಾಲ್ಕು ಚೆನ್ನಾಗಿದ್ದು ಎರಡು ಕೆಟ್ಟದ್ದು ಇರುವುದು ಮಾಮೂಲು. ದಿಕ್ಕು ಬದಲಿಸುವಾಗ ಕೀ ಸ್ವಲ್ಪ ಖಾಲಿ ತಿರುಗಿದರೆ ಮಾತ್ರ ಗಾಬರಿ ಬೇಡ. ಎಲ್ಲಾ ಗೇರ್‌ನಲ್ಲೂ ಅಷ್ಟು ಇರುತ್ತದೆ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ ಶ್ರುತಿ ಸೇರಿಸಿದರೆ ತಂತಿಯ ಎಳೆತವೇ ಆ ಸಡಿಲನ್ನು ತಿಂದುಹಾಕುತ್ತದೆ.

ಕೊನೆಗೆ ಆರಿಸಿದ್ದು ಜಪಾನಿನ ಗೋಟೋ ಕಂಪನಿಯ ಎಸ್‌ಡಿ91. ಹಳೆ ಕ್ಲೂಸನ್ ರೂಪ, 15:1, ಸೀಳು ಪೋಸ್ಟ್. ಬಣ್ಣ ಕ್ರೋಮ್. ಚಿನ್ನದ ಲೇಪ ನೋಡಲು ಚಂದ, ಬೆವರಿಗೆ ಬೇಗ ಸವೆಯುತ್ತದೆ. ನಿಕಲ್ ಕಡಲ ಗಾಳಿಗೆ ಮಂಕಾಗುತ್ತದೆ. ಮಂಗಳೂರಿಗೆ ಕ್ರೋಮೇ ಸರಿ.

ಸೆಟ್ ಕೈಗೆ ಬಂದ ಮೇಲೆ ಕ್ಯಾಲಿಪರ್ ಹಿಡಿದು ಕೂತೆ. ಈ ಮಾದರಿಯಲ್ಲಿ ಅಕ್ಕಪಕ್ಕದ ಟ್ಯೂನರ್‌ಗಳು ಒಂದಕ್ಕೊಂದು ತಾಗಿ ಕೂರುತ್ತವೆ, ನಡುವಿನ ಸ್ಕ್ರೂ ಎರಡಕ್ಕೂ ಒಂದೇ. ತೂತಿನ ಅಂತರದಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಅದು ಕೂಡುತ್ತಾ ಹೋಗಿ ಆರನೆಯದು ಕೂರುವುದೇ ಇಲ್ಲ. ಹಾಗಾಗಿ ಆರನ್ನೂ ಸಾಲಾಗಿ ಒತ್ತಿಟ್ಟು, ಮೊದಲನೇ ಪೋಸ್ಟ್‌ನಿಂದ ಕೊನೇ ಪೋಸ್ಟ್‌ವರೆಗೆ ಅಳೆದು, ಐದರಿಂದ ಭಾಗಿಸಿದೆ. ಒಂದೊಂದನ್ನೇ ಅಳೆಯುವುದಕ್ಕಿಂತ ಇದು ನಂಬಿಕೆಯದು. ತಲೆಯ ದಪ್ಪ 14 ಮಿ.ಮೀ. ಅಂತ ಇಟ್ಟುಕೊಂಡೆ. ತಲೆಯ ಮೇಲ್ಮೈಯನ್ನು ಮಾಮೂಲಿಗಿಂತ 2 ಮಿ.ಮೀ. ಕೆಳಗೆ ಇಳಿಸಿದೆ, ಇಳಿಜಾರು ಹೆಚ್ಚಲಿ ಅಂತ. ಇಷ್ಟೆಲ್ಲ ಮಾಡಿಯೂ ಮೊದಲೆರಡು ತಂತಿಗೆ ಒಂದು ಸ್ಟ್ರಿಂಗ್ ಟ್ರೀ, ಅಂದರೆ ತಂತಿಯನ್ನು ತಲೆಯ ಕಡೆ ತಗ್ಗಿಸಿ ಹಿಡಿಯುವ ಕೊಕ್ಕೆ, ಬೇಕಾಯಿತು. ಆದರೆ ಎತ್ತರದ್ದು ಹಾಕಿದೆ. ತಂತಿಯನ್ನು ಅದು ಬರೀ ಮುಟ್ಟಬೇಕು, ಅಮುಕಬಾರದು. ಅಮುಕಿದ ಕಡೆಯೆಲ್ಲ ತಂತಿ ಸಿಕ್ಕಿಕೊಳ್ಳುತ್ತದೆ.

ತೂತು ಕೊರೆದದ್ದು ಡ್ರಿಲ್ ಪ್ರೆಸ್‌ನಲ್ಲೇ. ಹಿಂದೆ ಒಂದು ತುಂಡು ಹಲಗೆ ಒತ್ತಿ ಹಿಡಿದರೆ ಮರ ಸಿಬಿರೇಳುವುದಿಲ್ಲ. ಇಂದಿನ ಗಟ್ಟಿ ಪೆಟ್ಟಿಗೆ ಟ್ಯೂನರ್‌ಗಳಿಗೆ 10 ಮಿ.ಮೀ. ತೂತು ಬೇಕು. ಹಳೆ ಮಾದರಿಯ ಬುಷ್‌ಗೆ (ಪೋಸ್ಟ್ ಸುತ್ತ ತೂತಿನಲ್ಲಿ ಕೂರುವ ಲೋಹದ ಬಳೆ) 8.7 ಮಿ.ಮೀ. ಆಸುಪಾಸು. ಸಣ್ಣ ತೂತನ್ನು ಮುಂದೆ ದೊಡ್ಡದು ಮಾಡಬಹುದು. ದೊಡ್ಡದನ್ನು ಸಣ್ಣದು ಮಾಡುವುದು ಕಷ್ಟ. ಇನ್ನೂ ಮನಸ್ಸು ಗಟ್ಟಿಯಾಗದವರಿಗೆ ಈ ಒಂದು ಕಾರಣವೂ ಹಳೆ ಮಾದರಿಯ ಪರವಾಗಿದೆ. ಬುಷ್ ಒಳಗೆ ಕೂರಿಸಲು ಸುತ್ತಿಗೆ ಮುಟ್ಟಲಿಲ್ಲ. ವೈಸ್‌ನ ಎರಡೂ ಕಡೆ ಮರದ ತುಂಡು ಇಟ್ಟು ಮೆಲ್ಲಗೆ ಒತ್ತಿದೆ. ಪಾಲಿಶ್ ಆದ ಮೇಲೆ ತೂತಿನ ಬಾಯಿಯಲ್ಲಿ ಲ್ಯಾಕರ್ ಗಟ್ಟಿಯಾಗಿರುತ್ತದೆ, ಅದನ್ನು ಮೊದಲು ಕೆರೆದು ತೆಗೆಯದಿದ್ದರೆ ಬುಷ್ ಒತ್ತುವಾಗ ಬಿರುಕು ಬಿಡುತ್ತದೆ. ಮೇಪಲ್ ಗಟ್ಟಿ ಮರ, ಈ ಸ್ಕ್ರೂಗಳೋ ಎಳೆ ಹುಲ್ಲಿನಷ್ಟು ಸಣ್ಣ. ಮೊದಲೇ ತೂತು ಕೊರೆದು, ಸ್ಕ್ರೂಗೆ ಮೇಣ ಸವರಿ, ಕೈಯಲ್ಲೇ ತಿರುಗಿಸಬೇಕು. ಮಷಿನ್ ಹಿಡಿದರೆ ಸ್ಕ್ರೂನ ತಲೆ ಮುರಿದು ಮಿಕ್ಕ ತುಂಡು ಮರದೊಳಗೇ ಉಳಿಯುತ್ತದೆ.

ತಂತಿ ಹಾಕಿದ ಮೇಲೆ ಗೆಳೆಯ ಬಂದು ಒಂದು ಗಂಟೆ ನುಡಿಸಿದ. ಮೂರನೇ ತಂತಿ ಎಳೆದು ಬಿಟ್ಟ ಮೇಲೆ ಸ್ವಲ್ಪ ಕೆಳಗೆ ನಿಲ್ಲುತ್ತಿತ್ತು. "ನೋಡು, ಟ್ಯೂನರ್ ಜಾರ್ತಾ ಇದೆ" ಅಂದ. ಎಲ್ಲರಿಗೂ ಮೊದಲು ಬರುವ ಅನುಮಾನ ಅದೇ. ಆದರೆ ವರ್ಮ್ ಗೇರ್‌ನ ಗುಣ ಅಂದರೆ ಕೀ ತಿರುಗಿಸಿದರೆ ಪೋಸ್ಟ್ ತಿರುಗುತ್ತದೆ, ಪೋಸ್ಟ್ ಎಳೆದರೆ ಕೀ ತಿರುಗುವುದಿಲ್ಲ. ಗೇರ್ ಸವೆದಿರದಿದ್ದರೆ ಅದು ತಾನಾಗಿ ಹಿಂದಕ್ಕೆ ಹೋಗಲಾರದು.

ತಪ್ಪು ಎಲ್ಲಿದೆ ಅಂತ ಕಂಡುಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ. ತಂತಿ ಎಳೆದು ಬಿಡಿ. ಸ್ವರ ಕೆಳಗೆ ನಿಂತರೆ, ನಟ್ ಮತ್ತು ಟ್ಯೂನರ್ ನಡುವಿನ ತಂತಿಯನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಡಿ. ಸ್ವರ ಮತ್ತೆ ಸರಿಯಾದ ಜಾಗಕ್ಕೆ ಬಂದರೆ ತೊಂದರೆ ನಟ್‌ನಲ್ಲಿದೆ. ಎಳೆದಾಗ ಆಚೆಯಿಂದ ಈಚೆಗೆ ಬಂದ ತಂತಿ ಕಚ್ಚಿನಲ್ಲಿ ಸಿಕ್ಕಿಕೊಂಡು ವಾಪಸ್ ಹೋಗಿರಲಿಲ್ಲ, ನೀವು ಒತ್ತಿದಾಗ ಹೋಯಿತು. ಒತ್ತಿದರೂ ಸರಿಹೋಗದಿದ್ದರೆ ಪೋಸ್ಟ್‌ನ ಸುತ್ತನ್ನೋ ಬ್ರಿಡ್ಜ್ ಕಡೆಯ ತುದಿಯನ್ನೋ ನೋಡಬೇಕು. ಇವನ ಗಿಟಾರ್‌ನಲ್ಲಿ ಒತ್ತಿದ ಕೂಡಲೇ ಸ್ವರ ಸರಿಹೋಯಿತು. ಮೂಳೆಯ ನಟ್‌ನಲ್ಲಿ ಮೂರನೇ ಕಚ್ಚನ್ನು ಸಣ್ಣ ಫೈಲ್‌ನಿಂದ ಒಂದೆರಡು ಸಲ ಉಜ್ಜಿ, ಹಿಂಬದಿಯ ಅಂಚನ್ನು ಪೋಸ್ಟ್‌ನ ದಿಕ್ಕಿಗೆ ದುಂಡಗೆ ಮಾಡಿ, ಪೆನ್ಸಿಲ್‌ನ ಕಪ್ಪು ಸವರಿದೆ. ಆಮೇಲೆ ಅವನು ಎಷ್ಟು ಎಳೆದರೂ ತಂತಿ ತನ್ನ ಜಾಗಕ್ಕೆ ಬಂತು.

ಗಿಟಾರ್ ಕೊಟ್ಟು ಕಳಿಸುವಾಗ ಅವನಿಗೆ ಎರಡು ಮಾತು ಹೇಳಿದೆ. ಹೊಸ ಮರ ಹವೆಗೆ ಹೊಂದಿಕೊಳ್ಳುವಾಗ ಟ್ಯೂನರ್ ಸ್ಕ್ರೂಗಳು ಸಡಿಲವಾಗುತ್ತವೆ. ಮೊದಲ ಮಳೆಗಾಲ ಮುಗಿದ ಮೇಲೆ ಒಮ್ಮೆ ಕೈಯಲ್ಲಿ ಬಿಗಿ ಮಾಡು, ಜಾಸ್ತಿ ಬೇಡ. ಈ ತಗಡಿನ ಮುಚ್ಚಳ ಗಾಳಿ ಆಡದಷ್ಟು ಬಿಗಿಯಲ್ಲ. ಹಾಗಾಗಿ ನುಡಿಸಿ ಆದ ಮೇಲೆ ಟ್ಯೂನರ್‌ನ ಹಿಂಭಾಗವನ್ನೂ ಒಣ ಬಟ್ಟೆಯಲ್ಲಿ ಒರೆಸು.