ಸಂಜೆ ಐದರ ಹಸಿವಿಗೆ ಕಡಲೆಕಾಳಿನ ಉಸಲಿ

ಶಾಲೆಯಲ್ಲಿ ಪಾಠ ಮುಗಿಸಿ ನಾನು ಮನೆ ಸೇರುವಾಗ ಸಂಜೆ 5 ಗಂಟೆ. ಮೊದಲೆಲ್ಲ ಚಹಾದ ಜೊತೆ ಆರೇಳು ಬಿಸ್ಕತ್ತು ತಿನ್ನುತ್ತಿದ್ದೆ. ಏಳಾಗುವಷ್ಟರಲ್ಲಿ ಮತ್ತೆ ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆರೆಯುತ್ತಿದ್ದೆ. ಉಸಲಿ ಶುರು ಮಾಡಿದ ಮೇಲೆ ರಾತ್ರಿ ಊಟದವರೆಗೆ ಹೊಟ್ಟೆ ತಣ್ಣಗಿರುತ್ತದೆ.

ಬೆಳಿಗ್ಗೆ ಹೊರಡುವ ಮುನ್ನ ತಲೆಗೆ 40 ಗ್ರಾಂ ಕಾಳು ನೆನೆಹಾಕಿ. ಅದರಲ್ಲಿ ಏಳೆಂಟು ಗ್ರಾಂ ಪ್ರೋಟೀನ್ ಇರುತ್ತದೆ, ನಾರಿನಂಶವೂ ಧಾರಾಳ. ಸಂಜೆ ಉಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಕೂಗು ಕೂಗಿಸಿ. ಎರಡು ಬೆರಳ ನಡುವೆ ಒತ್ತಿದರೆ ಕಾಳು ಹಿಟ್ಟಾಗಬೇಕು, ಸಿಪ್ಪೆ ಮಾತ್ರ ಒಡೆದಿರಬಾರದು. ಬಸಿದ ನೀರನ್ನು ದಯವಿಟ್ಟು ಚೆಲ್ಲಬೇಡಿ, ರಾತ್ರಿಯ ಸಾರಿಗೆ ಅದರದ್ದೇ ರುಚಿ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, ಒಣಮೆಣಸಿನಕಾಯಿ, ಕರಿಬೇವು, ಇಂಗು ಹಾಕಿ, ಕಾಳು ಸುರಿದು, ತಳದ ಚಟಪಟ ಸದ್ದು ಅಡಗುವವರೆಗೆ ಬಾಡಿಸಿ. ಇಳಿಸಿ ನಿಂಬೆರಸ, ಸ್ವಲ್ಪ ಕಾಯಿತುರಿ ಬೆರೆಸಿ.

ಪ್ರೋಟೀನ್ ಮತ್ತು ನಾರು ಜೀರ್ಣವಾಗಲು ಹೊತ್ತು ಹಿಡಿಯುತ್ತವೆ. ಪ್ರೋಟೀನ್ ಕರುಳಿಗೆ ತಲುಪಿದಾಗ ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನುಗಳು ಹೊರಟು ಮಿದುಳಿಗೆ ‘ಸಾಕು’ ಎನ್ನುತ್ತವೆ. ಹಸಿವು ಕೆರಳಿಸುವ ಗ್ರೆಲಿನ್ ತಗ್ಗುತ್ತದೆ. ಈ ಸುದ್ದಿ ಮುಟ್ಟಲು ಸಮಯ ಬೇಕು, ಆದ್ದರಿಂದ ಅಗಿದು ನಿಧಾನವಾಗಿ ತಿನ್ನಿ.

ನೆನೆಹಾಕಲು ಮರೆತ ದಿನ ಒಂದು ಹಿಡಿ ಹುರಿಗಡಲೆ ಸಾಕು. ಎಣ್ಣೆಯಲ್ಲಿ ಕರಿದ ಖಾರದ ಕಡಲೆ ಬೇಡ, ಕೈ ನಿಲ್ಲುವುದೇ ಇಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ.