ಪಾವಗಡಕ್ಕೆ ಹೋಗದೆ ಪಾವಗಡದ ಓಎಲ್‌ಟಿಗೆ ಲಾಗಿನ್

ಪಾವಗಡದಲ್ಲಿ ನಮ್ಮ ಫೈಬರ್ ಇಂಟರ್ನೆಟ್‌ನ ಓಎಲ್‌ಟಿ ಇದೆ, ಅಂದರೆ ಮನೆಮನೆಯ ಫೈಬರ್ ಲೈನ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಅದಕ್ಕೆ ಎರಡು ಕಮಾಂಡ್ ಹೊಡೆಯೋಕೆ ತುಮಕೂರಿನಿಂದ ಪಾವಗಡಕ್ಕೆ ಎಷ್ಟು ಸಲ ಓಡಿದ್ದೇನೋ ಲೆಕ್ಕವಿಲ್ಲ. ಹೋಗೋಕೆ ಹತ್ತಿರ ಹತ್ತಿರ 100 ಕಿಲೋಮೀಟರ್. ಮಧುಗಿರಿ ದಾಟಿದ ಮೇಲೆ ನಡುವೆ ಆಂಧ್ರ ಬೇರೆ ಬಂದು ಹೋಗುತ್ತದೆ. ಹೊರಗಿನ ಇಂಟರ್ನೆಟ್‌ಗೆ ಹೋಗುವ ಲೈನಿನ (ಅಪ್‌ಲಿಂಕ್) ವಿಲ್ಯಾನ್ ಸೆಟ್ಟಿಂಗನ್ನು ಯಾರೋ ತಪ್ಪಿ ತೆಗೆದರೆ (ಆ ಯಾರೋ ಹೆಚ್ಚಾಗಿ ನಾನೇ) ದೂರದಿಂದ ಒಳಗೆ ಹೋಗುವ ಮ್ಯಾನೇಜ್‌ಮೆಂಟ್ ಐಪಿ ಮುಗೀತು. ಪೆಟ್ಟಿಗೆಗೆ ನೇರ ಚುಚ್ಚುವ ಕನ್ಸೋಲ್ ಕೇಬಲ್ ಹಿಡಿದು ಕಾರು ಹತ್ತಬೇಕು. ಪೆಟ್ರೋಲ್, ಊಟ ಸೇರಿ 2,000 ರೂಪಾಯಿ ಖರ್ಚು, ಒಂದು ದಿನ ಹಾಳು.

ರ‍್ಯಾಕ್‌ನಲ್ಲೇ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಕೂರಿಸಿ, ಓಎಲ್‌ಟಿ ಮತ್ತು ಸ್ವಿಚ್ ಎರಡರ ಕನ್ಸೋಲನ್ನೂ ಅದಕ್ಕೆ ಕೊಟ್ಟು, ಅಪ್‌ಲಿಂಕ್ ಬಿದ್ದರೂ ಒಳಗೆ ಹೋಗೋಕೆ 4ಜಿ ಡಾಂಗಲ್ ಹಾಕೋಣ ಅಂದೆ. ಪಾರ್ಟ್ನರ್ ನಕ್ಕರು. "ಆಟದ ಸಾಮಾನು ನಂಬ್ಕೊಂಡು 600 ಕನೆಕ್ಷನ್ ಇಡ್ತೀರೇನ್ರೀ?" ಅಂದರು.

ಮೊದಲ ಸಲ ಅವರ ಮಾತೇ ನಿಜವಾಯಿತು. ಸೈಟಿನಲ್ಲಿ 48 ವೋಲ್ಟ್ ಬ್ಯಾಟರಿ ಹೇಗೂ ಇದೆಯಲ್ಲ ಅಂತ ವೋಲ್ಟೇಜ್ ಇಳಿಸುವ 150 ರೂಪಾಯಿಯ ಬಕ್ ಕನ್ವರ್ಟರ್ ಹಾಕಿ 5 ವೋಲ್ಟ್ ಮಾಡಿದೆ. ಮೀಟರ್ ಇಟ್ಟು ನೋಡಿದೆ, ಸರಿಯಾಗೇ ಇತ್ತು. ಪೈ ಬೂಟ್ ಆಯಿತು. ಕನ್ಸೋಲ್ ಕೇಬಲ್ ಚುಚ್ಚಿದೆ ಅಷ್ಟೇ, ಟಪ್ ಅಂತು. ಸುಟ್ಟ ವಾಸನೆ. ಟೆಲಿಕಾಂ ಬ್ಯಾಟರಿಯಲ್ಲಿ ಅರ್ಥ್ ಆಗಿರುವುದು ಪ್ಲಸ್ ಅಲ್ವಾ! ಬಕ್‌ನ ಮೈನಸ್ ಅಂದರೆ ಅರ್ಥಿಗಿಂತ 48 ವೋಲ್ಟ್ ಕೆಳಗೆ. ಕನ್ಸೋಲ್‌ನ ಗ್ರೌಂಡ್ ನೇರ ಓಎಲ್‌ಟಿಯ ಲೋಹದ ಮೈಗೆ, ಅಂದರೆ ಅರ್ಥಿಗೆ. ಎರಡನ್ನೂ ನಾನೇ ಕೈಯಾರೆ ಜೋಡಿಸಿದ್ದೆ. ಪೈ, ಕನ್ಸೋಲ್ ಕೇಬಲ್‌ಗೆ ಹಾಕಿದ್ದ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಎರಡೂ ಹೋದವು, 5,000 ಹೊಗೆ. ಓಎಲ್‌ಟಿ ಉಳಿದಿದ್ದು ನಮ್ಮ ಪುಣ್ಯ. ಆಮೇಲೆ ಎರಡು ಕಡೆಯ ತಂತಿಗಳು ಒಳಗೆ ಒಂದಕ್ಕೊಂದು ತಾಗದ ಐಸೊಲೇಟೆಡ್ ಕನ್ವರ್ಟರನ್ನೇ ತರಿಸಿದೆ. 1,200 ಚಿಲ್ಲರೆ ಆಯಿತು. ಅದರಲ್ಲಿ ಮಾತ್ರ ಜುಗ್ಗತನ ಮಾಡಬೇಡಿ.

ಎರಡನೇ ಸಲ ಓಎಲ್‌ಟಿಯ ಬೂಟ್ ಮೆಸೇಜ್ ಎಲ್ಲ ಚೆನ್ನಾಗಿ ಬಂತು, ಟೈಪ್ ಮಾಡಿದ್ದು ಮಾತ್ರ ಹೋಗಲಿಲ್ಲ. ಮೂರು ಸಲ ಪ್ಲಗ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದೆ. ನೋಡಿದರೆ ಕನ್ಸೋಲ್ ತೆರೆಯುವ ಪ್ರೋಗ್ರಾಂ ಮಿನಿಕಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಇತ್ತು, ಅದಕ್ಕೆ ಬೇರೆ ತಂತಿಗಳೇ ಬೇಕು. ನನ್ನ ಕೇಬಲ್‌ನಲ್ಲಿ ಇದ್ದಿದ್ದೇ ಮೂರು ತಂತಿ! ಆಫ್ ಮಾಡಿದೆ, ಸರಿಹೋಯಿತು.

ದೊಡ್ಡ ಮರ್ಯಾದೆ ಹೋಗಿದ್ದು ಮೂರನೇ ಸಲ. ಕರೆಂಟ್ ಹೋಗಿ ಬಂದಾಗ ಎರಡು ಕನ್ಸೋಲ್‌ಗೆ ಪೈ ಕೊಡುವ ಹೆಸರುಗಳು, ಟಿಟಿವೈ ಯುಎಸ್‌ಬಿ 0 ಮತ್ತು 1, ಅದಲು ಬದಲಾಗಿದ್ದವು. ಸ್ವಿಚ್ ಅಂದುಕೊಂಡು ರೀಬೂಟ್ ಕೊಟ್ಟೆ, ಹೋಗಿದ್ದು ಓಎಲ್‌ಟಿ. ಸಂಜೆ ಏಳು ಗಂಟೆ, ಧಾರಾವಾಹಿ ಟೈಮ್ ಬೇರೆ. ಒಂದರ ಹಿಂದೆ ಒಂದು ಫೋನ್, ಅರ್ಧ ತೆಲುಗಿನಲ್ಲಿ ಬೈಗುಳ. ಅಗ್ಗದ ಸಿಎಚ್340 ಚಿಪ್‌ನ ಅಡಾಪ್ಟರ್‌ಗಳಲ್ಲಿ ಸೀರಿಯಲ್ ನಂಬರೇ ಇರಲಿಲ್ಲ, ಅದಕ್ಕೇ ಹೆಸರು ಕಟ್ಟುವ ಯುಡೆವ್ ರೂಲ್ ಹಿಡಿಯಲಿಲ್ಲ. ಈಗ ಯಾವ ಯುಎಸ್‌ಬಿ ತೂತು ಅನ್ನುವುದರ ಮೇಲೆ ಹೆಸರು ಕಟ್ಟಿದ್ದೇನೆ, ಹಬ್ ಮೇಲೆ ಪೇಂಟ್‌ನಲ್ಲಿ ಬರೆದಿದ್ದೇನೆ ಕೂಡ.

ಸಿಮ್‌ಗೆ ಪಬ್ಲಿಕ್ ಐಪಿ ಸಿಗಲ್ಲ, ಹೊರಗಿನಿಂದ ನೇರ ಪೈಗೆ ಹೋಗೋಕೆ ಆಗಲ್ಲ. ಹಾಗಾಗಿ ಪೈನೇ ಹೊರಗಿನ ಸರ್ವರ್‌ಗೆ ರಿವರ್ಸ್ ಎಸ್‌ಎಸ್‌ಎಚ್ ಹಾಕಿಕೊಂಡು ಕೂರುತ್ತದೆ, ಆ ದಾರಿಯಲ್ಲೇ ನಾನು ಒಳಗೆ ಹೋಗುತ್ತೇನೆ. ಸರ್ವರ್‌ಗೆ ತಿಂಗಳಿಗೆ 400 ಆಸುಪಾಸು. ಡಾಂಗಲ್ ನೇಣು ಹಾಕಿಕೊಂಡರೆ ತಾನೇ ಎದ್ದೇಳೋ ಹಾಗೆ ಒಂದು ಏರ್ಪಾಡು ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ, ಅದಕ್ಕೆ ನನ್ನ ಎರಡು ತಿಂಗಳ ನಿದ್ದೆ ಹೋಗಿದೆ. ಸುಮ್ನೆ ಇರಲಾರದೆ ಪೈಗೆ ಒಂದು ಟೆಂಪರೇಚರ್ ಸೆನ್ಸರ್ ಕೂಡ ಸಿಕ್ಕಿಸಿದೆ. ಏಪ್ರಿಲ್ ಮಧ್ಯಾಹ್ನ ರ‍್ಯಾಕ್ ಒಳಗೆ 52 ಡಿಗ್ರಿ ತೋರಿಸಿತು! ಮೊದಲು ಸೆನ್ಸರ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿದ್ದು ಫ್ಯಾನ್.

ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಅಪ್‌ಲಿಂಕ್ ಬಿತ್ತು. ಮಳೆ ಬೇರೆ. ಮನೆಯಲ್ಲೇ ಲ್ಯಾಪ್‌ಟಾಪ್ ತೆಗೆದು ಎರಡು ಸಲ ಎಂಟರ್ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನಿಧಾನಕ್ಕೆ ಓಎಲ್‌ಟಿಯ ಲಾಗಿನ್ ಮೂಡಿತು. ನಾಲ್ಕು ನಿಮಿಷದಲ್ಲಿ ಲೈನ್ ವಾಪಸ್.

ಒಟ್ಟು ಖರ್ಚು ಸುಟ್ಟಿದ್ದೂ ಸೇರಿ 14,000 ಇರಬಹುದು. ಮಧುಗಿರಿ ಪಾಯಿಂಟ್‌ಗೂ ಒಂದು ಮಾಡಿಕೊಡ್ರೀ ಅಂತ ಈಗ ಪಾರ್ಟ್ನರೇ ಕೇಳುತ್ತಿದ್ದಾರೆ. ಸುಟ್ಟ ಪೈ ದುಡ್ಡಿನಲ್ಲಿ ಅವರ ಪಾಲು ಇನ್ನೂ ಬಂದಿಲ್ಲ.